ಯುದ್ಧಕ್ಕೊಂದು ಗುಣವಾಚಕ

ಹೊಸಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ವೀರಭದ್ರಯ್ಯ ಅಂದು ಒಂಬತ್ತನೇ ತರಗತಿಗೆ ಗುಣವಾಚಕ ಕಲಿಸುತ್ತಿದ್ದರು. ತೊಂಬತ್ತೊಂಬತ್ತನೇ ಇಸವಿಯ ಜುಲೈ. ಎಲ್ಲರ ಬಾಯಲ್ಲೂ ಕಾರ್ಗಿಲ್. ಹಾಗಾಗಿ ಬೋರ್ಡಿನ ಮೇಲೆ 'ಯುದ್ಧ' ಎಂದು ಬರೆದು, "ಇದರ ಹಿಂದ ಒಂದೊಂದು ಗುಣವಾಚಕ ಹಚ್ಚಿ ಹೇಳ್ರಿ" ಎಂದರು.

"ಮಸ್ತ್ ಯುದ್ಧ ಸರ!" ಮೆಕ್ಯಾನಿಕ್ ಜಮಾಲುದ್ದೀನನ ಮಗ ಅಸ್ಲಂ ಎಲ್ಲರಿಗಿಂತ ಮೊದಲು ಕೂಗಿದ.

ಭಾರಿ, ರೋಮಾಂಚಕ, ಜಬರ್ದಸ್ತ್... ದಿನಾ ಸಂಜೆ ಟೀವಿ ಮುಂದೆ ಕೂರುತ್ತಿದ್ದ ಹುಡುಗರು ಪೈಪೋಟಿಗೆ ಬಿದ್ದು ಹೇಳಿದರು. ಮೇಷ್ಟ್ರೂ ಹುರುಪಿನಿಂದಲೇ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದರು.

ಆಗ ಸುಜಾತಾ ಎದ್ದು ನಿಂತಳು. "ಉದ್ದನ್ನ ಯುದ್ಧ, ಸರ."

ಇಡೀ ತರಗತಿ ನಕ್ಕಿತು. ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. "ಹಗ್ಗಕ್ಕ ಉದ್ದ ಅಂತೀವಿ, ದಾರಿಗಿ ಅಂತೀವಿ. ಯುದ್ಧಕ್ಕ ಹೆಂಗ ಹೊಂದತೈತವ್ವಾ?"

"ನಮ್ಮ ಹುಲುಗಣ್ಣಣ್ಣ ಅಲ್ಲೇ ಅದಾನ್ರಿ. ಕಾಗದ ಬಂದು ನಲವತ್ತೊಂದು ದಿನ ಆತು. ಅವ್ವ ರೇಡಿಯೋ ಹಚ್ಚಿ ಒಲಿ ಮುಂದ ಕುಂದರ್ತಾಳ, ರೊಟ್ಟಿ ಸೀದ್ರೂ ಗೊತ್ತಾಗಂಗಿಲ್ಲ. ಟೀವ್ಯಾಗ ಇನ್ನೇನು ಮುಗೀತು ಅಂತಾರ. ನಮ್ಮನ್ಯಾಗ ಮುಗಿಯವಲ್ದು."

ಹುಲುಗಣ್ಣ ಮಿಲಿಟರಿಯಲ್ಲಿರುವುದು ಮೇಷ್ಟ್ರಿಗೆ ಗೊತ್ತಿತ್ತು. ಅಲ್ಲಿಗೇ ಹೋಗಿರುವುದು ಗೊತ್ತಿರಲಿಲ್ಲ. ಅವರ ನಗು ಅಲ್ಲೇ ನಿಂತಿತು.

"ಹಂಗಾದ್ರ ನಾ ಮಸ್ತ್ ಅಂದಿದ್ದು ತಪ್ಪಾತೇನ?" ಅಸ್ಲಂ ಮೆಲ್ಲಗೆ ಕೇಳಿದ.

"ನಮ್ಮಣ್ಣನೂ ಅಂತಾನ. ರಜಾಕ್ಕ ಬಂದಾಗ ಬಂದೂಕು ಮಸ್ತ್, ಊಟ ಮಸ್ತ್ ಅಂತಾನ. ತಿರುಗಿ ಹೋಗೋ ದಿನ ಏನೂ ಅನ್ನಂಗಿಲ್ಲ."

ಅಸ್ಲಂ ಎದ್ದು ಹೋಗಿ ತನ್ನ ಪದವನ್ನು ಅಂಗೈಯಿಂದ ಒರೆಸಿದ. ಯಾರೂ ನಗಲಿಲ್ಲ. ಆ ಖಾಲಿ ಜಾಗದಲ್ಲಿ ಮೇಷ್ಟ್ರು 'ಉದ್ದನೆಯ' ಎಂದು ಬರೆದರು. ಇಪ್ಪತ್ತು ವರ್ಷದಿಂದ ಪದಗಳ ಅರ್ಥ ಹೇಳಿಕೊಂಡು ಬಂದ ತನಗೆ ಹದಿನಾಲ್ಕರ ಹುಡುಗಿಯೊಬ್ಬಳು ಒಂದು ಪದದ ಅರ್ಥ ಹೇಳಿಕೊಟ್ಟಳಲ್ಲ ಎಂದು ಅವರ ಎದೆ ತುಂಬಿ ಬಂತು.

ಮಾರನೆಯ ದಿನದಿಂದ ಅಸ್ಲಂ ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿ ಹುಲುಗಣ್ಣನ ಕಾಗದ ಬಂತೇ ಎಂದು ವಿಚಾರಿಸಿಕೊಂಡೇ ಶಾಲೆಗೆ ಬರತೊಡಗಿದ. ಹತ್ತನೇ ದಿನ ಪೋಸ್ಟ್‌ಮ್ಯಾನ್ ಪಕ್ಕೀರಪ್ಪನನ್ನೇ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಏದುಸಿರು ಬಿಡುತ್ತಾ ಬಂದ. ಕಾಗದ ಬಂದಿತ್ತು.

ಸುಜಾತಾ ಒಡೆಯಲಿಲ್ಲ. "ಮೊದಲು ಅವ್ವ ಕೇಳಬೇಕ್ರಿ" ಎಂದು ಮೇಷ್ಟ್ರ ಅಪ್ಪಣೆ ಪಡೆದು ಮನೆಗೆ ಓಡಿದಳು.

ಮರುದಿನ ತರಗತಿಯಲ್ಲಿ ಅದನ್ನು ಓದಿದಳು. ಅಣ್ಣ ಕ್ಷೇಮವಾಗಿದ್ದ. ಗುಂಡಿನ ಸುದ್ದಿಯಿಲ್ಲ, ಬೆಟ್ಟದ ಸುದ್ದಿಯಿಲ್ಲ. ಚಳಿ ಬಹಳ ಎಂದು ಒಂದು ಸಾಲು. ಕೊನೆಗೆ, 'ಎಮ್ಮಿ ಈದೈತೇನು, ಲಗೂನ ಬರಿ.'

"ಈದೈತೇನ?" ಹಿಂದಿನ ಬೆಂಚಿನಿಂದ ಅಸ್ಲಂ ತಡೆಯಲಾರದೆ ಕೇಳಿದ.

"ಈದೈತಿ. ಹೆಣ್ಣು ಕರ!" ಎಂದು ಸುಜಾತಾ ನಕ್ಕಳು.