ಪರ್ಸಿನಲ್ಲಿದ್ದ ಎರಡನೇ ಕಾರ್ಡು

ಒಂದೇ ಕೀಲಿಕೈಗಾಗಿ ಟೀಚರಮ್ಮ ಮೂರನೇ ಸಲ ಬಂದಿದ್ದರು.

"ಈ ಸಲಾನೂ ತಿರುಗ್ತಿಲ್ಲ," ಎಂದು ಅದನ್ನು ಕೌಂಟರಿನ ಮೇಲಿಟ್ಟರು. "ಬಾಗಿಲ ಮುಂದೆ ಅರ್ಧ ಗಂಟೆ ಗುದ್ದಾಡಿದ್ದೀನಿ. ನೋಡಿದವರು ನನ್ನನ್ನೇ ಕಳ್ಳಿ ಅಂದ್ಕೊಂಡಿರ್ತಾರೆ."

ಅಂಗಡಿಯ ಅಗಲ ಎಂಟೇ ಅಡಿ. ಎಡಗಡೆ ಗಂಡನ ಕೀಲಿ ಕತ್ತರಿಸುವ ಯಂತ್ರ, ಅರಗಳು, ಮೊಳೆಗೆ ನೇತುಹಾಕಿದ ಹಲ್ಲಿಲ್ಲದ ಕೀಲಿಕೈಗಳು. ಬಲಗಡೆ ಹೆಂಡತಿಯ ಜೆರಾಕ್ಸ್ ಯಂತ್ರ. ಗಂಡ ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತನಾದವನು. ಬೀದಿಯವರು ಅವನನ್ನು ಮಿಲಿಟರಿ ಎಂದೂ ಅವಳನ್ನು ಜೆರಾಕ್ಸ್ ಅಕ್ಕ ಎಂದೂ ಕರೆಯುತ್ತಾರೆ.

ಕಣ್ಣು ಮುಚ್ಚಿ ಬಂದೂಕಿನ ಸ್ಪ್ರಿಂಗ್ ಕೂರಿಸುತ್ತಿದ್ದ ಕೈ ಈಗ ಬೆಳಿಗ್ಗೆ ಎದ್ದರೆ ನಡುಗುತ್ತದೆ. ಎರಡು ಪೆಗ್ ಒಳಗೆ ಹೋದರೆ ನಡುಕ ನಿಲ್ಲುತ್ತದೆ. ನಾಲ್ಕು ಹೋದರೆ ಕಣ್ಣಿನ ಅಳತೆ ತಪ್ಪುತ್ತದೆ. ನೆಟ್ಟಗೆ ಕೆಲಸ ಮಾಡಲು ಸಿಗುವುದು ಈ ಎರಡರ ನಡುವಿನ ಮುಕ್ಕಾಲು ಗಂಟೆ ಮಾತ್ರ.

ಟೀಚರಮ್ಮನಿಗೆ ಅಕ್ಕ ಹಣ ವಾಪಸು ಕೊಟ್ಟಳು. ಗಂಡ ಅರವನ್ನು ಒರೆಸುತ್ತ ಗೋಡೆ ನೋಡುತ್ತಿದ್ದ.

ಅಂದು ಗುರುವಾರ. ಅವಳ ತಮ್ಮ ಊರಾಚೆಯ ಒಂದು ಖಾಸಗಿ ಕೇಂದ್ರವನ್ನು ವಿಚಾರಿಸಿ ಬಂದಿದ್ದ. ಕುಡಿತ ಬಿಡಿಸಲು ಮೂರು ತಿಂಗಳು ಇಟ್ಟುಕೊಳ್ಳುತ್ತಾರೆ, ಹಣ ಮೊದಲೇ ಕಟ್ಟಬೇಕು. ಅಷ್ಟು ಹಣ ಮನೆಯಲ್ಲಿರಲಿಲ್ಲ. ಜೆರಾಕ್ಸ್ ಯಂತ್ರ ಮಾರುವುದೆಂದು ತೀರ್ಮಾನವಾಯಿತು. ಕೊಳ್ಳುವವನು ಶನಿವಾರ ಬರುವವನಿದ್ದ. ಅದು ಹೋದರೆ ಉಳಿಯುವುದು ಗಂಡನ ಅರ್ಧ ಅಂಗಡಿ, ಅದರಲ್ಲಿ ತಿರುಗದ ಕೀಲಿಕೈಗಳು.

ಟೀಚರಮ್ಮ ಹೋದ ಸ್ವಲ್ಪ ಹೊತ್ತಿಗೆ ಬ್ಯಾಂಡ್ ಮಾಸ್ತರ್ ಬಂದ. ಅವನೂ ಮಾಜಿ ಸೈನಿಕ. ಸೈನ್ಯದ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದವನು, ಒಂದು ಕಾಲದಲ್ಲಿ ಮಿಲಿಟರಿಯ ಜೊತೆಗೇ ಕೂತು ಕುಡಿಯುತ್ತಿದ್ದವನು.

"ಅಕ್ಕಾ, ಇದರದ್ದು ಎರಡು ಕಾಪಿ."

ಜೆರಾಕ್ಸ್ ಅಕ್ಕನಿಗೆ ಒಂದು ಕೆಟ್ಟ ಅಭ್ಯಾಸ. ಕೈಗೆ ಬಂದ ಹಾಳೆಯನ್ನೆಲ್ಲ ಓದುತ್ತಾಳೆ. ಓದಬಾರದು ಎಂದು ಗೊತ್ತು, ಕಣ್ಣು ಕೇಳುವುದಿಲ್ಲ. ಬೀದಿಯಲ್ಲಿ ಯಾರ ಜಾಗ ಯಾರ ಹೆಸರಿನಲ್ಲಿದೆ, ಯಾರ ನಿಜವಾದ ವಯಸ್ಸೆಷ್ಟು, ಎಲ್ಲವೂ ಅವಳಿಗೆ ಗೊತ್ತು. ಬಾಯಿ ಬಿಡುವುದಿಲ್ಲ, ಅಷ್ಟೇ.

ಅದು ಆಸ್ಪತ್ರೆಯ ಬಿಡುಗಡೆ ಪತ್ರ. 'ಮದ್ಯ ಅವಲಂಬನೆ ಕಾಯಿಲೆ. ಒಳರೋಗಿಯಾಗಿ ಹದಿನೆಂಟು ದಿನ.' ಕೆಳಗೆ ಒಂದು ಮೊಹರು: 'ವೆಚ್ಚ: ಮಾಜಿ ಸೈನಿಕರ ಆರೋಗ್ಯ ಯೋಜನೆ.'

"ಮಾಸ್ತರೇ, ಒಂದು ಮಾತು ಕೇಳ್ತೀನಿ, ಬೈಬೇಡಿ."

"ಓದಿಬಿಟ್ರಾ?"

"ಓದಿಬಿಟ್ಟೆ."

"ಓದಲಿ ಅಂತಾನೇ ತಂದೆ. ಇಲ್ದಿದ್ರೆ ನಮ್ಮ ಮನೆ ಪಕ್ಕದಲ್ಲೇ ಜೆರಾಕ್ಸ್ ಅಂಗಡಿ ಇದೆ."

"ಮಗಳ ಮನೆಗೆ ಹೋಗಿದ್ದೆ ಅಂದಿದ್ರಲ್ಲ!"

"ಮಗಳು ದಿನಾ ಆಸ್ಪತ್ರೆಗೆ ಬರ್ತಿದ್ಲು. ಅರ್ಧ ನಿಜ ತಾನೆ?"

"ಅಲ್ಲ, ಕುಡಿತಕ್ಕೂ ಆ ಆರೋಗ್ಯ ಯೋಜನೆ ಕಾರ್ಡು ನಡೆಯುತ್ತಾ?"

"ಮೊಣಕಾಲಿಗೆ ನಡೆಯುತ್ತೆ, ಕಣ್ಣಿನ ಪೊರೆಗೆ ನಡೆಯುತ್ತೆ, ಇದಕ್ಯಾಕೆ ನಡೀಬಾರದು? ಇದೂ ಕಾಯಿಲೆನೇ. ಚಿಕಿತ್ಸೆ, ಔಷಧಿ, ಹಾಸಿಗೆ ಎಲ್ಲ ಯೋಜನೆಯವರೇ ಕೊಟ್ರು. ನನಗೆ ಪ್ರತ್ಯೇಕ ಕೋಣೆ ಬೇಕಿತ್ತು, ಅದರ ಹೆಚ್ಚುವರಿ ಮಾತ್ರ ನಾನು ಕಟ್ಟಿದೆ. ವಾರ್ಡಲ್ಲಿ ಒಬ್ಬನ ಗೊರಕೆ ತಡೆಯೋಕಾಗಲಿಲ್ಲ."

"ಕಹಳೆ ಊದಿದವರಿಗೆ ಗೊರಕೆ ಲೆಕ್ಕಾನಾ?"

"ಶ್ರುತಿ ಇರಲ್ಲ ಅಕ್ಕಾ."

ಎಡಗಡೆಯಿಂದ ಅರ ಟಣ್ಣೆಂದು ಬಿತ್ತು. ಮೂರಡಿ ದೂರದಲ್ಲಿದ್ದ ಗಂಡ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಲೋ ಮಾಸ್ತರ್, ನನ್ನ ಹೆಂಡ್ತಿ ತಲೆ ಕೆಡಿಸಬೇಡ. ಮನಸ್ಸು ಮಾಡಿದ್ರೆ ನಾಳೆನೇ ಬಿಡ್ತೀನಿ."

"ಹೋದ ವರ್ಷ ಬಿಟ್ರಲ್ಲ," ಎಂದಳು ಅಕ್ಕ. "ಮೂರನೇ ದಿನ ಗೋಡೆ ತುಂಬ ಇರುವೆ ಅಂತ ಪೊರಕೆ ಹಿಡಿದು ಗುಡಿಸಿದ್ರಿ. ಒಂದು ಇರುವೆನೂ ಇರಲಿಲ್ಲ. ಆಮೇಲೆ ಫಿಟ್ಸ್ ಬಂತು."

ಮಾಸ್ತರನ ಮುಖದ ನಗು ಹೋಯಿತು. "ಇವನನ್ನ ಮನೇಲಿ ಒಮ್ಮೆಲೇ ಬಿಡಿಸೋಕೆ ಹೋಗಬೇಡಿ ಅಕ್ಕಾ. ವರ್ಷಗಟ್ಟಲೆ ದಿನಾ ಕುಡಿದ ಮೈ ಅದು. ಏಕಾಏಕಿ ನಿಲ್ಲಿಸಿದ್ರೆ ಪ್ರಾಣಕ್ಕೇ ಬರಬಹುದು. ಡಾಕ್ಟರ ಕಣ್ಣೆದುರಿಗೆ, ಔಷಧಿ ಕೊಟ್ಟು ಬಿಡಿಸಬೇಕು." ಆಮೇಲೆ ಗೆಳೆಯನ ಕಡೆ ತಿರುಗಿದ. "ಎಲ್ಲಿ, ಪರ್ಸ್ ತೆಗಿ."

"ಯಾಕೆ?"

"ತೆಗಿಯೋ."

ಪರ್ಸಿನಲ್ಲಿ ಎರಡು ಕಾರ್ಡುಗಳಿದ್ದವು. ಒಂದು ಸೈನಿಕರ ಕ್ಯಾಂಟೀನಿನದು, ರಿಯಾಯಿತಿ ದರದ ಬಾಟಲಿಗೆ ತಿಂಗಳು ತಿಂಗಳು ತೋರಿಸಿದ್ದು. ಅಂಚು ಸವೆದು ಫೋಟೊದಲ್ಲಿ ಮೀಸೆಯೇ ಅಳಿಸಿಹೋಗಿತ್ತು. ಇನ್ನೊಂದು ಆರೋಗ್ಯ ಯೋಜನೆಯದು. ಅದರ ಪ್ಲಾಸ್ಟಿಕ್ ಇನ್ನೂ ಮಿರಿಮಿರಿ ಎನ್ನುತ್ತಿತ್ತು.

"ಎರಡನ್ನೂ ಕೊಟ್ಟಿದ್ದು ಒಂದೇ ಸರ್ವಿಸಿಗೆ," ಎಂದ ಮಾಸ್ತರ್. "ಕಾಯಿಲೆ ತಂದ ಕಾರ್ಡು ಸವೆದಿದೆ. ವಾಸಿ ಮಾಡೋ ಕಾರ್ಡು ಹೊಸದಾಗೇ ಇದೆ."

"ನಾನೂ ಯೋಜನೆಯ ಕ್ಲಿನಿಕ್ಕಿಗೆ ಹೋಗ್ತೀನಪ್ಪ."

"ಹೋಗಿ ಏನು ಹೇಳ್ತೀಯ?"

"ಗ್ಯಾಸ್ ಅಂತ," ಉತ್ತರ ಕೊಟ್ಟವಳು ಅಕ್ಕ. "ವರ್ಷಕ್ಕೊಂದು ಸಲ, ಎಂಟು ವರ್ಷದಿಂದ. ಬರೆದ ಚೀಟಿ ಎಲ್ಲದರ ಕಾಪಿನೂ ನನ್ನ ಹತ್ರ ಇದೆ. ಎಲ್ಲದರಲ್ಲೂ ಗ್ಯಾಸ್ ಮಾತ್ರೆನೇ."

ಗಂಡ ಬಿದ್ದ ಅರವನ್ನು ಎತ್ತಿಟ್ಟ. ಮತ್ತೆ ದನಿ ತಗ್ಗಿಸಿ ಹೇಳಿದ. "ಕುಡಿತ ಅಂತ ಒಂದು ಸಲ ಬರೆದ್ರೆ ಮುಗೀತು. ನಮ್ಮ ಜೊತೆ ಒಬ್ಬ ಇದ್ದನಲ್ಲ, ಎಡಚ. ಅವನ ಫೈಲಲ್ಲಿ ಕೆಂಪು ಶಾಯಿ ಬಿತ್ತು, ಬಡ್ತಿ ಹೋಯ್ತು. ನನ್ನ ಪೆನ್ಶನ್‌ಗೆ ಕೈ ಇಟ್ರೆ?"

ಅಕ್ಕ ಜೆರಾಕ್ಸ್ ಯಂತ್ರ ನಿಲ್ಲಿಸಿದಳು. ಎಂಟು ವರ್ಷದ ಗ್ಯಾಸ್ ಮಾತ್ರೆಗಳ ಗುಟ್ಟು ಆಗ ಅವಳಿಗೆ ಹೊಳೆಯಿತು.

"ಅದು ಸರ್ವಿಸ್ ಫೈಲು ಮಾರಾಯ," ಎಂದ ಮಾಸ್ತರ್. "ಅದನ್ನ ಕಟ್ಟಿ ಬೀರುವಿಗೆ ಹಾಕಿ ಹನ್ನೊಂದು ವರ್ಷ ಆಯ್ತು. ಇದು ಆಸ್ಪತ್ರೆ ಕಾಗದ. ನನ್ನ ಪೆನ್ಶನ್ ನೆಟ್ಟಗೆ ಬರ್ತಿದೆ. ಆದ್ರೂ ನನ್ನ ಮಾತು ನಂಬಬೇಡ. ನಾಳೆ ಕ್ಲಿನಿಕ್ಕಿನ ಕೌಂಟರಲ್ಲಿ ನೀನೇ ಕೇಳು. ಕೇಳಿದ್ರೆ ಏನು ಗಂಟು ಹೋಗುತ್ತೆ?"

"ನನ್ನ ತಮ್ಮ ನೋಡಿದ ಕೇಂದ್ರಕ್ಕೆ ಸೇರಿಸಿ, ಆಮೇಲೆ ಈ ಕಾರ್ಡು ತೋರಿಸಿದ್ರೆ ಆಗಲ್ವಾ?" ಅಕ್ಕನ ಪ್ರಶ್ನೆ.

"ಅದು ಯೋಜನೆಯ ಪಟ್ಟೀಲಿ ಇದ್ರೆ ತಾನೆ? ಮೊದಲು ಕ್ಲಿನಿಕ್ಕು, ಅಲ್ಲಿಂದ ಚೀಟಿ, ಆಮೇಲೆ ಆಸ್ಪತ್ರೆ. ಹಿಂದುಮುಂದಾದ್ರೆ ಬಿಲ್ಲು ನಿಮ್ಮ ಕೈಲೇ ಉಳಿಯುತ್ತೆ. ತುರ್ತು ಬಂದ್ರೆ ಮಾತ್ರ ಮೊದಲು ಸೇರಿಸಿ. ಆದ್ರೆ ಕ್ಲಿನಿಕ್ಕಿಗೆ ಆ ಕೂಡಲೇ ತಿಳಿಸಬೇಕು."

ಶುಕ್ರವಾರ ಬೆಳಿಗ್ಗೆ ಗಂಡ ಹೆಂಡತಿ ಕ್ಲಿನಿಕ್ಕಿನ ಬೆಂಚಿನ ಮೇಲಿದ್ದರು. ಕೆಟ್ಟುಹೋದ ಒಂದು ಕಾಪಿಯ ಹಿಂಬದಿಯಲ್ಲಿ ಅಕ್ಕ ಹನ್ನೊಂದು ಪ್ರಶ್ನೆ ಬರೆದುಕೊಂಡು ಬಂದಿದ್ದಳು. ಗಂಡ ನಡುಗುವ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಕೌಂಟರಿನಲ್ಲಿದ್ದ ಹೆಂಗಸಿಗೆ ಪೆನ್ಶನ್ ಪ್ರಶ್ನೆ ಹೊಸದಾಗಿರಲಿಲ್ಲ. "ಪೆನ್ಶನ್ ನೀವು ಮಾಡಿ ಮುಗಿಸಿದ ಕೆಲಸಕ್ಕೆ. ಚಿಕಿತ್ಸೆ ತಗೊಂಡಿದ್ದಕ್ಕೆ ಅದನ್ನ ಕಡಿತ ಮಾಡೋ ನಿಯಮ ನಮ್ಮಲ್ಲಿಲ್ಲ. ಬೇಕಿದ್ರೆ ಅರ್ಜಿ ಕೊಡಿ, ಬರೆದೇ ಕೊಡ್ತೀವಿ."

"ಬರೆದು ಕೊಡಿ," ಎಂದಳು ಅಕ್ಕ. ಕಾಗದದ ಮೇಲೆ ಅವಳಿಗೆ ನಂಬಿಕೆ.

ಒಳಗೆ ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಹಳೆಯ ದಾಖಲೆ ತೆಗೆದರು. "ಕುಡೀತೀರಾ ಅಂತ ನಾಲ್ಕು ಸಲ ಕೇಳಿದೀವಿ. ನಾಲ್ಕು ಸಲಾನೂ 'ಯಾವಾಗಲಾದರೊಮ್ಮೆ' ಅಂದಿದ್ದೀರಿ. ಈಗ ಹೇಳಿ."

ಅಕ್ಕನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ತುಟಿ ಕಚ್ಚಿಕೊಂಡಳು. ಇದನ್ನು ಅವನೇ ಹೇಳಬೇಕಿತ್ತು.

ಗಂಡ ಮೇಜಿನ ಮೇಲಿದ್ದ ಪೆನ್ನು ನೋಡಿದ. ಬಾಗಿಲು ನೋಡಿದ.

"ದಿನಾ," ಎಂದ. "ಬೆಳಿಗ್ಗೆಯಿಂದ."

ಡಾಕ್ಟರಮ್ಮ ಟೈಪು ಮಾಡಿದರು. ಅವನು ಕತ್ತು ಚಾಚಿದ. "ಅದು ಯಾವ ಬಣ್ಣದಲ್ಲಿ ಬೀಳುತ್ತೆ ಮೇಡಂ?"

ಅವರಿಗೆ ಪ್ರಶ್ನೆಯ ಮರ್ಮ ತಿಳಿಯಲಿಲ್ಲ. "ಕಪ್ಪು," ಎಂದರು. "ಎಲ್ಲರದ್ದೂ ಕಪ್ಪೇ."

ಅವನು ಕುರ್ಚಿಗೆ ಒರಗಿದ.

ಆಮೇಲೆ ಅಕ್ಕನ ಸರದಿ. ಎಷ್ಟು ದಿನ ಸಿಗುತ್ತೆ? ಸಾಲದಿದ್ರೆ ಹೆಚ್ಚಿಸ್ತಾರಾ? ಮನೆಗೆ ಬಂದ ಮೇಲಿನ ಮಾತ್ರೆಗಳು? ಕೌನ್ಸೆಲಿಂಗ್‌ಗೆ ನಾನೂ ಬರಬಹುದಾ? ಡಾಕ್ಟರಮ್ಮ ಒಂದೊಂದಕ್ಕೂ ಉತ್ತರ ಕೊಟ್ಟರು, ಗೊತ್ತಿಲ್ಲದ ಎರಡನ್ನು ಫೋನು ಮಾಡಿ ಕೇಳಿದರು. ಪಟ್ಟಿಯಲ್ಲಿದ್ದ ಮೂರು ಆಸ್ಪತ್ರೆಗಳ ಹೆಸರು ಬರೆದರು. ತಮ್ಮ ನೋಡಿದ್ದ ಕೇಂದ್ರ ಅದರಲ್ಲಿರಲಿಲ್ಲ.

ಹನ್ನೊಂದನೆಯ ಪ್ರಶ್ನೆಯನ್ನು ಅವಳು ಗಂಡನ ಮುಖ ನೋಡದೆ ಕೇಳಿದಳು. "ವಾಸಿಯಾಗಿ ಬಂದು, ಮತ್ತೆ ಶುರು ಮಾಡಿದ್ರೆ? ಎರಡನೇ ಸಲಾನೂ ಕಾರ್ಡು ನಡೆಯುತ್ತಾ?"

"ಸಕ್ಕರೆ ಕಾಯಿಲೆಯವರು ಎರಡನೇ ಸಲ ಬಂದ್ರೆ ವಾಪಸ್ ಕಳಿಸ್ತೀವಾ? ಬನ್ನಿ. ಬೇಗ ಬಂದಷ್ಟು ಒಳ್ಳೇದು."

ಶನಿವಾರ ಯಂತ್ರ ಕೊಳ್ಳುವವನು ಗಾಡಿ ಸಮೇತ ಬಂದ. ಅಕ್ಕ ಗಂಡನ ಚೀಟಿ, ಕಾರ್ಡು, ನಿವೃತ್ತಿ ಪತ್ರಗಳ ಕಾಪಿ ತೆಗೆಯುತ್ತಿದ್ದಳು.

"ಮಾರೋದಿಲ್ಲ," ಎಂದಳು.

"ಮೊನ್ನೆ ಮಾರ್ತೀನಿ ಅಂದ್ರಲ್ಲ ಅಕ್ಕಾ?"

"ಮೊನ್ನೆ ನನಗೆ ಗೊತ್ತಿರಲಿಲ್ಲ."

ಬಂದವನು ಗೊಣಗುತ್ತಲೇ ತನ್ನ ಲೈಸೆನ್ಸಿನ ಎರಡು ಕಾಪಿ ಮಾಡಿಸಿಕೊಂಡು ಹೋದ.

ಮಿಲಿಟರಿ ಇಪ್ಪತ್ತೊಂದು ದಿನ ಆಸ್ಪತ್ರೆಯಲ್ಲಿದ್ದ. ಮೊದಲ ವಾರ ಕಷ್ಟವಾಯಿತು, ಗೋಡೆಯ ಮೇಲೆ ಇರುವೆಗಳು ಮತ್ತೆ ಬಂದವು. ಈ ಸಲ ಪಕ್ಕದಲ್ಲಿ ನರ್ಸ್ ಇದ್ದಳು, ಡ್ರಿಪ್ ಇತ್ತು. ಮನೆಗೆ ಬಂದು ಐದು ತಿಂಗಳ ಮೇಲೆ, ಹಳೆಯ ಸ್ನೇಹಿತನ ಮನೆಯಲ್ಲಿ ಎಡವಿದ. ಮೂರು ದಿನ ಕುಡಿದ. ನಾಲ್ಕನೆಯ ದಿನ ತಾನೇ ಕಾರ್ಡು ತೆಗೆದುಕೊಂಡು ಕ್ಲಿನಿಕ್ಕಿನ ಬೆಂಚಿನ ಮೇಲೆ ಹೋಗಿ ಕೂತ. ಅಕ್ಕನಿಗೆ ಫೋನು ಬಂದದ್ದು ಅಲ್ಲಿಂದಲೇ.

ಅದಾಗಿ ಈಗ ಒಂದು ವರ್ಷ. ಆರೋಗ್ಯದ ಕಾರ್ಡಿನ ಅಂಚು ಸವೆಯತೊಡಗಿದೆ.

ಕಳೆದ ತಿಂಗಳು ಟೀಚರಮ್ಮ ಅಳುಕುತ್ತಲೇ ಇನ್ನೊಂದು ಕೀಲಿಕೈ ಮಾಡಿಸಿಕೊಂಡು ಹೋದರು. ಬೆಳಿಗ್ಗೆ ಎಂಟೂವರೆಗೆ ಕತ್ತರಿಸಿದ್ದು. ಸಂಜೆಯವರೆಗೂ ಮಿಲಿಟರಿ ಬಾಗಿಲ ಕಡೆ ನೋಡುತ್ತಿದ್ದ. ಮಾರನೆಯ ದಿನವೂ ನೋಡಿದ. ಅವರು ಮತ್ತೆ ಬರಲೇ ಇಲ್ಲ. ಕೀಲಿ ಮಾಡುವವನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಇದನ್ನು ಓದುತ್ತಿರುವ ಮಾಜಿ ಸೈನಿಕರೇ, ಅವರ ಮನೆಯವರೇ, ಒಮ್ಮೆ ಪರ್ಸು ತೆಗೆದು ನೋಡಿ. ಯಾವ ಕಾರ್ಡು ಸವೆದಿದೆ? ಯಂತ್ರ, ಒಡವೆ, ಜಾಗ ಮಾರುವ ಮುಂಚೆ ನಿಮ್ಮ ಕ್ಲಿನಿಕ್ಕಿನ ಕೌಂಟರಿಗೆ ಹೋಗಿ. ಗ್ಯಾಸ್ ಎನ್ನಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಯಾವ ಆಸ್ಪತ್ರೆ, ಎಷ್ಟು ದಿನ, ಕೈಯಿಂದ ಕೊಡಬೇಕಾದದ್ದೇನು ಎಂದು ಸೇರುವ ಮೊದಲೇ ಕೇಳಿ. ನಿಯಮಗಳು ಎಲ್ಲ ಕಡೆ ಒಂದೇ ಅಲ್ಲ, ಆದ್ದರಿಂದ ಉತ್ತರವನ್ನು ಬರೆಸಿಕೊಳ್ಳಿ. ದಿನವೂ ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ.

ಆ ಕಾರ್ಡನ್ನು ಯಾರೂ ದಾನವಾಗಿ ಕೊಟ್ಟಿಲ್ಲ. ನೀವು ವರ್ಷಗಟ್ಟಲೆ ದುಡಿದು ಪಡೆದದ್ದು. ನಾಳೆ ಬೆಳಿಗ್ಗೆ ಅದನ್ನು ಹಿಡಿದು ಹೋಗಿ, ಕೇಳಿ.