ಹಳದಿ ದೀಪದ ಕೆಳಗೆ ತೆಗೆದ ಫೋಟೊ

ಅಂಚಿನಲ್ಲಿ ನೀಲಿ, ಸಾಸಿವೆಯಷ್ಟು, ಇಲ್ಲ ಅಷ್ಟೂ ಇಲ್ಲ, ಬೆಳಿಗ್ಗೆ ಅಕ್ಕ ಕಿಟಕಿಯ ಹತ್ತಿರ ಕುರ್ಚಿಯ ಮೇಲೆ ಕಾಲಿಟ್ಟು ಶೂ ಕಟ್ಟುವಾಗ ಕಂಡದ್ದು, ಮೀನಖಂಡದ ಮೇಲಿನ ಅದೇ ಮಚ್ಚೆ, ಬಿಸಿಲು ನೇರ ಬಿದ್ದಿತ್ತು, ಹಾಳು ಬಿಸಿಲು — ಈಗ ಅಲ್ಲೇ ತೆಗೆದ ಅದರ ಹೊಸ ಫೋಟೊ ಯಂತ್ರದೊಳಗೆ ಹೋಗಿದೆ, ಪರದೆಯ ಮೇಲೆ ಚಕ್ರ ಸುತ್ತುತ್ತಿದೆ, ಮೇಜಿನ ಕೆಳಗೆ ಅವನ ಕಾಲು ಸುಮ್ಮನಿರುತ್ತಿಲ್ಲ. ಒಂಬತ್ತು ವರ್ಷದಿಂದ ಇದೇ ಕೆಲಸ, ಆಸ್ಪತ್ರೆಯ ಈ ಕೋಣೆಯಲ್ಲಿ ಕೂತು ಜನರ ಮಚ್ಚೆಗಳ ಬಣ್ಣವನ್ನು ಕಂಪ್ಯೂಟರಿನಿಂದ ಅಳೆಸುವುದು, ಕಂದು, ಕಡುಗಂದು, ಕಪ್ಪು, ಕೆಂಪು, ಬಿಳಿ, ಬೂದುನೀಲಿ, ಒಂದೇ ಮಚ್ಚೆಯಲ್ಲಿ ಬಣ್ಣ ಹೆಚ್ಚಿದಷ್ಟೂ ಕ್ಯಾನ್ಸರಿನ ಭಯ ಹೆಚ್ಚು. ಚರ್ಮದ ಪಕ್ಕ ಬಣ್ಣದ ಪಟ್ಟಿ ಇಡದೆ ಫೋಟೊ ತೆಗೆದರೆ ಹೊಸಬರನ್ನು ತರಾಟೆಗೆ ತೆಗೆದುಕೊಳ್ಳುವವನು ಅವನೇ, ಹಳದಿ ದೀಪ ನೀಲೀನ ನುಂಗ್ಬಿಡತ್ತೆ ಕಣ್ರಪ್ಪಾ, ಪಟ್ಟಿ ಇದ್ರೆ ತಾನೆ ಯಂತ್ರ ಸರಿಮಾಡ್ಕೊಳ್ಳೋದು, ಎಷ್ಟು ಸಲ ಹೇಳ್ಬೇಕು. ದೊಡ್ಡ ಪಂಡಿತ. ಮೂರು ತಿಂಗಳ ಹಿಂದೆ ಅಡುಗೆಮನೆಯ ಹಳದಿ ದೀಪದ ಕೆಳಗೆ ಅಕ್ಕನ ಕಾಲು ಹಿಡಿದು ಮೊಬೈಲಿನಲ್ಲಿ ಒಂದು ಫೋಟೊ, ಪಟ್ಟಿಯಿದ್ದ ಚೀಲ ಪಕ್ಕದ ಕೋಣೆಯಲ್ಲೇ ಇತ್ತು, ಮನೆಯವರ ಕಾಲಿಗೂ ಪಟ್ಟಿಯೇ ಎಂದುಕೊಂಡ, ಒಲೆ ಮೇಲೆ ಹಾಲಿದೆ ಬೇಗ ತೆಗಿಯೋ ಎಂದು ಅವಳು ನಗುತ್ತಲೇ ಗದರಿದಳು, ಅಮ್ಮ ಹೋದ ಮೇಲೆ ಅವನಿಗೆ ಅಮ್ಮನೇ ಆದವಳು, ಅವನ ಗಾಯಗಳಿಗೆಲ್ಲ ಊದಿ ಊದಿ ಮುಲಾಮು ಹಚ್ಚಿದವಳು. ಮರುದಿನ ಯಂತ್ರ ಕ್ಯಾನ್ಸರಿನ ಸಂಭವ ನೂರಕ್ಕೆ ಎಂಟು ಎಂದಿತು, ಇವನು ಫೋನಿನಲ್ಲಿ ಏನಿಲ್ಲ ಅಕ್ಕ, ಬರೀ ಮಚ್ಚೆ, ಹಾಯಾಗಿರು ಎಂದ. ಮಾತು ಎಷ್ಟು ಸಲೀಸಾಗಿ ಬಂತು. ಆ ನೀಲಿ ಅವತ್ತೂ ಇತ್ತೇ, ಇದ್ದಿರಬೇಕು, ಡಾಕ್ಟರ ಹತ್ತಿರ ಬರೆಸಿಟ್ಟಿದ್ದ ದಿನವನ್ನೂ ಅವಳು ರದ್ದು ಮಾಡಿಸಿದಳಂತೆ, ಬೆಳಿಗ್ಗೆ ಪಟ್ಟಿಯಿಟ್ಟು ಮತ್ತೆ ಫೋಟೊ ತೆಗೆಯುವಾಗ ಹೇಳಿದಳು, ಯಾಕೋ ಮತ್ತೆ ಎಂದಳು, ಸುಮ್ಮನೆ ಎಂದ, ಸುಳ್ಳು, ಅವತ್ತಿನದು ಸುಳ್ಳಲ್ಲ, ಸೋಮಾರಿತನ, ಅದೂ ಅಲ್ಲ, ಅಕ್ಕನಿಗೆ ಏನೂ ಆಗಿರಬಾರದು ಎಂಬ ಆಸೆ, ಅದೇ ಅವಸರಪಡಿಸಿತು — ನೂರಕ್ಕೆ ಎಂಬತ್ತಮೂರು. ಚಕ್ರ ನಿಂತಿದೆ. ಮೂರು ತಿಂಗಳು, ದಿನವೂ ಅದು ಒಳಗಿಳಿಯುತ್ತಿತ್ತೋ ಏನೋ, ಕೈ ಫೋನಿಗೆ ಹೋಗುತ್ತದೆ, ಇವತ್ತೇ ಆಸ್ಪತ್ರೆಗೆ ಬಾ ಅಕ್ಕ, ನಾನು ಅವತ್ತು ಹೇಳಿದ್ದು ತಪ್ಪು, ಆಚೆಯಿಂದ ಅವಳು, ನೀನು ನೋಡಿದ್ದೀಯಲ್ಲ ಅಂತ ನಾನು ಅದರ ಕಡೆ ತಿರುಗಿ ನೋಡ್ಲೇ ಇಲ್ವೋ, ಬರ್ತೀನಿ ಬಿಡು, ನೀನು ಊಟ ಮಾಡಿದ್ಯಾ, ಊಟ, ಹೂಂ ಎಂದನೋ ಇಲ್ಲವೋ, ಯಂತ್ರ ಆ ಜಾಗದ ಸುತ್ತ ಗೆರೆ ಎಳೆದು ದೊಡ್ಡದು ಮಾಡಿ ತೋರಿಸುತ್ತಿದೆ, ಪರದೆಯ ತುಂಬ ಅದೇ, ನೀಲಿ