ಎರಡನೆಯ ತಟ್ಟೆಯ ಕೋಶಗಳು

ಬಾಗಿಲು ತೆರೆದ ಕೂಡಲೇ ಅತಿಮಧುರದ ಬೇರು ಕುದಿಯುವ ವಾಸನೆ ಮೂಗಿಗೆ ಬಡಿಯಿತು. ಝೋರಿಗುಲ್ ಕೈಯಲ್ಲಿದ್ದ ನಾನ್ ರೊಟ್ಟಿಗಳನ್ನು ಹೊಸ್ತಿಲ ಬಳಿಯೇ ಇಟ್ಟು ಅಡುಗೆಮನೆಗೆ ನುಗ್ಗಿದಳು. ಅವಳನ್ನು ಸಾಕಿ ಬೆಳೆಸಿದ ಹೆಬಿಬೆ ಅತ್ತೆ ಒಲೆಯ ಮುಂದೆ ನಿಂತು ಕಷಾಯ ಕಲಕುತ್ತಿದ್ದಳು. ಕಣ್ಣುಗಳು ಅರಿಸಿನದ ಬಣ್ಣಕ್ಕೆ ತಿರುಗಿದ್ದವು.

"ಆಸ್ಪತ್ರೆಗೆ ಕೊನೇ ಸಲ ಯಾವಾಗ ಹೋಗಿದ್ದೆ?"

"ಹಿಮ ಬೀಳೋಕೆ ಶುರುವಾದಾಗಲೇ ಬಿಟ್ಟೆ. ಆ ಸೂಜಿ ಚುಚ್ಚಿಸ್ಕೊಂಡ್ರೆ ಕರುಳೇ ಬಾಯಿಗೆ ಬರುತ್ತೆ. ನಮ್ಮ ಉಯ್ಗುರ್ ಜನರ ಕಷಾಯಕ್ಕೆ ಲಿವರ್ ಕ್ಯಾನ್ಸರ್ ಸಾಯುತ್ತೆ ಅಂತ ನಿಮ್ಮ ಪ್ರೊಫೆಸರೇ ಟೀವೀಲಿ ಹೇಳಿದ್ನಲ್ಲ! ಅವನ ಹಿಂದೆ ಬಿಳಿ ಕೋಟು ಹಾಕ್ಕೊಂಡು ನೀನೇ ನಿಂತಿದ್ದೆ. ಇಂಥ ಮದ್ದು ಇಟ್ಕೊಂಡು ನನಗೊಂದು ಮಾತು ಹೇಳ್ಲಿಲ್ವಲ್ಲೇ, ಪಾಪಿ."

ಝೋರಿಗುಲ್‌ಗೆ ಮೈಯೆಲ್ಲ ಉರಿದುಹೋಯಿತು. ಉರುಮ್ಚಿ ನಗರದ ಆ ಪ್ರೊಫೆಸರನ ಪ್ರಯೋಗಾಲಯದಲ್ಲಿ ಕಷಾಯವನ್ನು ಪರೀಕ್ಷಿಸಿದವಳು ಅವಳೇ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹನಿಸಿದ್ದಳು, ಸತ್ತವು. ಪಕ್ಕದ ತಟ್ಟೆಯ ಆರೋಗ್ಯವಂತ ಕೋಶಗಳ ಮೇಲೂ ಅಷ್ಟೇ ಹನಿಸಿದ್ದಳು, ಅವೂ ಸತ್ತವು. ಮೊದಲನೆಯದನ್ನು ಪ್ರೊಫೆಸರ್ ಅಬ್ಲಿಮಿತ್ ಊರಿಗೆಲ್ಲ ಸಾರಿದ. ಎರಡನೆಯದನ್ನು ನುಂಗಿಹಾಕಿದ.

ಅಲ್ಲಿಂದ ನೇರ ಅವನ ಕೋಣೆಗೇ ಹೋದಳು. ಅವನು ಉಪ್ಪು ಹಾಕಿದ ಹಾಲಿನ ಚಹಾ ಹೀರುತ್ತಿದ್ದ.

"ಆ ಎರಡನೇ ತಟ್ಟೆ ವಿಷಯ ಯಾಕೆ ಮುಚ್ಚಿಟ್ರಿ?"

"ನಮ್ಮ ಮದ್ದನ್ನ ಹುಲ್ಲುಕಡ್ಡಿ ಅಂತ ಆಡ್ಕೊಂಡು ನಗ್ತಿದ್ದೋರು ಈಗ ಸಾಲುಗಟ್ಟಿ ಬರ್ತಿದಾರೆ. ನಮ್ಮೋಳೇ ಆಗಿ ನೀನು ಅದಕ್ಕೆ ಮಣ್ಣು ಹಾಕ್ತೀಯಾ?"

"ಮಣ್ಣು ಹಾಕಿದ್ದು ನೀವು! ಆಸ್ಪತ್ರೆ ಬಿಟ್ಟು ಇದನ್ನ ಕುಡಿ ಅಂತ ಯಾವ ಹಕೀಮ ಹೇಳಿದ್ದ? ತಟ್ಟೆಗೆ ಉಪ್ಪು ಸುರಿದ್ರೂ ಕೋಶ ಸಾಯುತ್ತೆ. ನಮ್ಮತ್ತೆ ಮನೇಲಿ ಕೂತು ಸಾಯ್ತಿದಾಳೆ!"

"ಹೋಗಿ ನಿನ್ನ ಕೆಲಸ ನೋಡ್ಕೊ," ಎಂದ ಅವನು, ತಲೆ ಎತ್ತದೆ.

ಮರುದಿನ ಝೋರಿಗುಲ್ ಅತ್ತೆಯನ್ನೇ ಪ್ರಯೋಗಾಲಯಕ್ಕೆ ಕರೆತಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಒಂದಾದ ಮೇಲೊಂದರಂತೆ ಎರಡೂ ತಟ್ಟೆ ತೋರಿಸಿದಳು.

"ಇದರಲ್ಲಿ ಕಾಯಿಲೆದು ಯಾವ್ದೇ?"

"ನೀನೇ ಹೇಳು."

"ಎರಡೂ ಒಂದೇ ಥರ ಮುದುಡ್ಕೊಂಡಿವೆ."

"ಒಂದು ಗಟ್ಟಿಮುಟ್ಟಾದ ಲಿವರಿಂದು, ಅತ್ತೆ. ಮನುಷ್ಯರ ಹೊಟ್ಟೇಲಿ ಇದು ಏನು ಮಾಡುತ್ತೋ ಇನ್ನೂ ಯಾರಿಗೂ ಗೊತ್ತಿಲ್ಲ. ತಿಳ್ಕೊಳ್ಳೋಕೆ ವರ್ಷಗಳೇ ಬೇಕು."

ಅತ್ತೆ ಮತ್ತೊಮ್ಮೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಅಷ್ಟರಲ್ಲಿ ಅಬ್ಲಿಮಿತ್ ಕಷಾಯವನ್ನು ಪರಿಶೀಲಿಸಲು ಬಂದಿದ್ದ ಬೇರೆ ಊರಿನ ತಜ್ಞರಿಬ್ಬರನ್ನು ಕರೆದುಕೊಂಡು ಒಳಗೆ ಬಂದ. ಅತ್ತೆ ಎದ್ದವಳೇ ಅವನ ತೋಳು ಹಿಡಿದು ಎಳೆದಳು.

"ಬಾರಪ್ಪಾ, ಇಲ್ಲಿ ಕಣ್ಣಿಡು. ನಾನು ಯಾವ ತಟ್ಟೇಲಿದೀನಿ ತೋರ್ಸು!"

"ಅಮ್ಮಾ, ಇದೆಲ್ಲ ನಿಮಗೆ ಅರ್ಥ ಆಗಲ್ಲ."

"ಸಾಯೋದು ಅರ್ಥ ಆಗುತ್ತೆ ಕಣೋ! ನಿನ್ನ ಮಾತು ನಂಬಿ ಸೂಜಿ ಬಿಟ್ಟೋಳು ನಾನು."

ಬಂದವರಲ್ಲಿ ಒಬ್ಬಾಕೆ ಬಗ್ಗಿ ನೋಡಿದಳು. "ಆರೋಗ್ಯವಂತ ಕೋಶಗಳೂ ಸತ್ತಿವೆಯಲ್ಲ? ನಮಗೆ ನೀವು ಹೇಳಲೇ ಇಲ್ಲ," ಎಂದಳು. ಝೋರಿಗುಲ್ ಒಂದೂ ಬಿಡದೆ ಎಲ್ಲವನ್ನೂ ಹೇಳಿದಳು.

ಆ ತಜ್ಞರು ಮುಖ ಬಿಗಿದುಕೊಂಡು ಹೊರಟುಹೋದರು. ಅದೇ ವಾರ ಝೋರಿಗುಲ್‌ಳ ಕೆಲಸ ಹೋಯಿತು. ಟೀವಿಯವರು ಮಾತ್ರ ಹೇಳಿದ್ದನ್ನು ತಿದ್ದಿಕೊಳ್ಳಲೇ ಇಲ್ಲ.

ಅತ್ತೆಯನ್ನು ಮತ್ತೆ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಗಡ್ಡೆ ದೊಡ್ಡದಾಗಿತ್ತು. ಡಾಕ್ಟರು ಬೈದುಕೊಂಡೇ ಚಿಕಿತ್ಸೆಯನ್ನು ಮತ್ತೆ ಶುರುಮಾಡಿದರು. ಭರವಸೆ ಮಾತ್ರ ಕೊಡಲಿಲ್ಲ. ಪಕ್ಕದ ಹಾಸಿಗೆಯ ಕಾಶ್ಗರ್ ಊರಿನ ಹೆಂಗಸು ದಿಂಬಿನಡಿಯಿಂದ ಮೂಲಿಕೆಯ ಪೊಟ್ಟಣ ಹೊರತೆಗೆದದ್ದೇ ತಡ, ಹೆಬಿಬೆ ಅತ್ತೆ ಎದ್ದು ಕೂತಳು.

"ಡಾಕ್ಟರನ್ನ ಕೇಳದೆ ಅದನ್ನ ಬಾಯಿಗಿಟ್ಟೆ ಅಂದ್ರೆ ನಿನ್ನ ಜಡೆ ಹಿಡಿದು ಎಳೀತೀನಿ ನೋಡು!"

ಹೆಂಗಸು ಬೆಚ್ಚಿ ಪೊಟ್ಟಣ ಮುಚ್ಚಿಟ್ಟಳು. ಆ ಒಂದು ಮಾತಿಗೇ ಅತ್ತೆಗೆ ಸುಸ್ತಾಗಿ ವಾಂತಿಯಾಯಿತು. ಬೋಗುಣಿಯನ್ನು ಹಿಡಿದು ಅವಳ ಬೆನ್ನು ಸವರುತ್ತ ಕೂತ ಝೋರಿಗುಲ್‌ಗೆ, ಚಿಕಿತ್ಸೆಯಿಲ್ಲದೆ ಕೈತಪ್ಪಿಹೋದ ಆ ದಿನಗಳನ್ನು ಅಬ್ಲಿಮಿತ್‌ನ ಗಂಟಲಿಗೆ ಕೈಹಾಕಿ ಕಿತ್ತು ತರಬೇಕು ಅನ್ನಿಸುತ್ತಿತ್ತು.